ಕುಂಡದಲ್ಲಿ ಕರಿಮೆಣಸು

ನೆಗಡಿಯಾದ ದಿನ ಮನೆಯಲ್ಲಿ ಮೆಣಸಿನ ಸಾರು ಮಾಡುವುದು ನಮ್ಮಲ್ಲಿ ರೂಢಿ. ಹತ್ತಿಪ್ಪತ್ತು ಕಾಳುಗಳನ್ನು ಕುಟ್ಟಿ ಹಾಕಿದರೆ ಸಾಕು. ಮೂಗು, ಕಣ್ಣು, ನಾಲಗೆಗಳೆಲ್ಲ ಒಮ್ಮೆಗೇ ಎಚ್ಚರಗೊಳ್ಳುತ್ತವೆ. ಆದರೆ ಆ ಕಾಳು ಅಡುಗೆಮನೆಯ ಡಬ್ಬಿಗೆ ಬರುವ ಮೊದಲು ಯಾವ ಸಸ್ಯದ ಯಾವ ರೆಂಬೆಯಲ್ಲಿ ಹೇಗೆ ತೂಗುತ್ತಿತ್ತೆಂದು ಕೇಳಿದರೆ, ಮಲೆನಾಡು ಕೊಡಗುಗಳ ವಿದ್ಯಾರ್ಥಿಗಳನ್ನು ಬಿಟ್ಟು ಉಳಿದವರು ತಡವರಿಸುವುದುಂಟು. ಕೆಲವರು ಅದನ್ನು ಮೆಣಸಿನಕಾಯಿಯ ನಂಟನೆಂದೇ ತಿಳಿದಿರುವರು. ಈ ತಪ್ಪಿಗೆ ನಮ್ಮ ಭಾಷೆಯೂ ಸ್ವಲ್ಪಮಟ್ಟಿಗೆ ಹೊಣೆ. ಮೆಣಸಿನಕಾಯಿಯು ಅಮೆರಿಕ ಖಂಡದ ಗಿಡ; ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂದಿತು. ಖಾರದಲ್ಲಿ ಹೋಲಿಕೆಯನ್ನು ಕಂಡ ನಮ್ಮ ಹಿರಿಯರು ಹೊಸಬನಿಗೆ ಹಳಬನ ಹೆಸರನ್ನೇ ಕೊಟ್ಟರು. ಕರಿಮೆಣಸಾದರೋ ಪಶ್ಚಿಮ ಘಟ್ಟಗಳ ಮಳೆಕಾಡಿನಲ್ಲಿ ಹುಟ್ಟಿ ಬೆಳೆದ ಬಳ್ಳಿ. ಅದರ ನಿಜವಾದ ದಾಯಾದಿಗಳು ವೀಳ್ಯದೆಲೆ ಮತ್ತು ಹಿಪ್ಪಲಿ. ವೀಳ್ಯದ ಬಳ್ಳಿಯನ್ನು ನೋಡಿದವರಿಗೆ ಮೆಣಸಿನ ಬಳ್ಳಿಯ ಗುರುತು ಹಿಡಿಯುವುದು ಕಷ್ಟವಲ್ಲ.

ಈ ಬಳ್ಳಿಯನ್ನು ಮನೆಯಲ್ಲಿ ಬೆಳೆಸಬಹುದೇ? ಬೆಳೆಸಬಹುದು, ಆದರೆ ಕಾಳು ಕಾಣಬೇಕಾದರೆ ಒಂದೆರಡು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ತಿಳಿಯದೆ ಕೈಹಾಕಿದವರಲ್ಲಿ ನಾನೂ ಒಬ್ಬ. ಶಿರಸಿಯ ಕಡೆಯ ಬಂಧುಗಳೊಬ್ಬರ ಅಡಿಕೆ ತೋಟದಿಂದ, ನೆಲದ ಮೇಲೆ ಹರಿದಿದ್ದ ಬಳ್ಳಿಯ ತುಂಡೊಂದನ್ನು ತಂದು ಬೆಂಗಳೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಂಡಕ್ಕೆ ನೆಟ್ಟೆ. ಅದು ಚೆನ್ನಾಗಿಯೇ ಚಿಗುರಿತು. ಕಿಟಕಿಯ ಕಬ್ಬಿಣದ ಸರಳುಗಳ ಮೇಲೆ ಹಾದು, ಮತ್ತೆ ಕೆಳಗೆ ಜೋತುಬಿದ್ದು, ಐದು ವರ್ಷಗಳ ಕಾಲ ಎಲೆಗಳನ್ನು ಬಿಡುತ್ತಲೇ ಹೋಯಿತು. ಒಂದು ಕಾಳೂ ಬಿಡಲಿಲ್ಲ. ಗೊಬ್ಬರ ಹೆಚ್ಚಿಸಿದೆ, ನೀರು ಕಡಿಮೆ ಮಾಡಿದೆ, ಕುಂಡ ಬದಲಾಯಿಸಿದೆ. ತಪ್ಪು ಇವುಗಳಲ್ಲಿ ಯಾವುದರಲ್ಲಿಯೂ ಇರಲಿಲ್ಲ; ನಾನು ತಂದ ತುಂಡಿನಲ್ಲಿಯೂ ಅದಕ್ಕೆ ಕೊಟ್ಟ ಜಾಗದಲ್ಲಿಯೂ ಇತ್ತು.

ಮೆಣಸಿನ ಬಳ್ಳಿಯಲ್ಲಿ ರೆಂಬೆಗಳೆಲ್ಲ ಒಂದೇ ಬಗೆಯವಲ್ಲ. ಬುಡದಿಂದ ಹೊರಟು ನೆಲದ ಮೇಲೆ ಹರಿದುಹೋಗುವ ತೆಳುವಾದ ಹಬ್ಬುಬಳ್ಳಿಗಳು ಒಂದು ಬಗೆ. ಆಸರೆಯ ಮರವನ್ನು ಹಿಡಿದು ನೆಟ್ಟಗೆ ಮೇಲೇರುವ ಕಾಂಡ ಎರಡನೆಯ ಬಗೆ. ಇದರ ಒಂದೊಂದು ಗೆಣ್ಣಿನಲ್ಲಿಯೂ ಚಿಕ್ಕ ಚಿಕ್ಕ ಬೇರುಗಳು ಹುಟ್ಟಿ ಮರದ ತೊಗಟೆಯನ್ನು ಕಚ್ಚಿ ಹಿಡಿಯುತ್ತವೆ. ಈ ಏರುಕಾಂಡವು ಸಾಕಷ್ಟು ಬೆಳಕು ದೊರೆಯುವ ಎತ್ತರಕ್ಕೆ ಹೋದ ಮೇಲೆ ಅದರ ಗೆಣ್ಣುಗಳಿಂದ ಅಡ್ಡರೆಂಬೆಗಳು ಹೊರಡುತ್ತವೆ. ಇದು ಮೂರನೆಯ ಬಗೆ. ಇವು ಮರವನ್ನು ಹಿಡಿಯುವುದಿಲ್ಲ, ಮೇಲೇರುವುದಿಲ್ಲ, ಇವಕ್ಕೆ ಅಂಟುಬೇರುಗಳೂ ಇಲ್ಲ. ಆದರೆ ಹೂ ಬಿಡುವುದು, ಕಾಯಿ ಕಚ್ಚುವುದು ಇವುಗಳ ಕೆಲಸ. ವಿದ್ಯಾರ್ಥಿಗಳು ಇಂಥ ಒಂದು ಅಡ್ಡರೆಂಬೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಸಾಮಾನ್ಯವಾಗಿ ಗಿಡಗಳಲ್ಲಿ ಹೂವು ಎಲೆಯ ಕಂಕುಳಲ್ಲಿ ಹುಟ್ಟುವುದನ್ನು ನಾವು ಕಾಣುತ್ತೇವೆ. ಇಲ್ಲಿ ಹೂತೆನೆಯು ಎಲೆಯ ಕಂಕುಳಲ್ಲಿರದೆ ಎಲೆಗೆ ಎದುರು ಬದಿಯಲ್ಲಿ ತೂಗುತ್ತದೆ. ಕಾರಣವೇನೆಂದರೆ, ರೆಂಬೆಯ ತುದಿಮೊಗ್ಗೇ ತೆನೆಯಾಗಿ ಮುಗಿದುಹೋಗುತ್ತದೆ. ಆಮೇಲಿನ ಬೆಳವಣಿಗೆಯನ್ನು ಕಂಕುಳ ಮೊಗ್ಗು ವಹಿಸಿಕೊಂಡು ತೆನೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಹೀಗೆ ಗೆಣ್ಣಿನಿಂದ ಗೆಣ್ಣಿಗೆ ಕೆಲಸ ಕೈ ಬದಲಾಯಿಸುತ್ತ ಹೋಗುವುದರಿಂದ ರೆಂಬೆ ಅಂಕುಡೊಂಕಾಗಿ ಕಾಣುತ್ತದೆ.

ನಮ್ಮ ಪಡಸಾಲೆಯ ಬಳ್ಳಿ ಬಂಜೆಯಾದುದೇಕೆಂಬುದು ಈಗ ಸ್ಪಷ್ಟವಾಯಿತಷ್ಟೆ. ನಾನು ತಂದುದು ಹಬ್ಬುಬಳ್ಳಿ. ಅದಕ್ಕೆ ಕಚ್ಚಿ ಹಿಡಿಯಲು ಒರಟಾದ ತೊಗಟೆ ಸಿಕ್ಕಿದ್ದರೆ, ಎತ್ತರವೂ ಬೆಳಕೂ ದೊರಕಿದ್ದರೆ, ಮೂರು ನಾಲ್ಕು ವರ್ಷಗಳಲ್ಲಿ ಏರುಕಾಂಡವಾಗಿ ಅಡ್ಡರೆಂಬೆಗಳನ್ನು ಬಿಡುತ್ತಿತ್ತು. ನುಣುಪಾದ ಕಬ್ಬಿಣದ ಸರಳು ಅದಕ್ಕೆ ಮರವಾಗಲಿಲ್ಲ. ಅದು ಮುದಿಯಾಗುತ್ತ ಹೋದರೂ ಪ್ರಾಯಕ್ಕೆ ಬರಲಿಲ್ಲ.

ಹಾಗಾದರೆ ಮೊದಲೇ ಅಡ್ಡರೆಂಬೆಯ ತುಂಡನ್ನು ತಂದು ನೆಟ್ಟರೆ ಏನಾಗುವುದು? ಇಲ್ಲಿಯೇ ಸಸ್ಯಜೀವನದ ಒಂದು ವಿಚಿತ್ರವಿದೆ. ತಾಯಿಬಳ್ಳಿಯಿಂದ ಬೇರ್ಪಟ್ಟು ಸ್ವಂತ ಬೇರು ಬಿಟ್ಟ ಮೇಲೂ ಆ ತುಂಡು ತಾನು ಅಡ್ಡರೆಂಬೆಯೆಂಬುದನ್ನು ಮರೆಯುವುದಿಲ್ಲ. ಅದು ಬಳ್ಳಿಯಾಗದೆ, ಮೊಣಕಾಲೆತ್ತರದ ಪೊದೆಯಾಗಿ ಬೆಳೆದು ಅಲ್ಲಿಯೇ ಹೂ ಬಿಡುತ್ತದೆ. ಏರುಕಾಂಡದ ಜೀವಕೋಶಗಳಲ್ಲಿಯೂ ಅಡ್ಡರೆಂಬೆಯ ಜೀವಕೋಶಗಳಲ್ಲಿಯೂ ಇರುವ ಆನುವಂಶಿಕ ಸಾಮಗ್ರಿ ಒಂದೇ. ಆದರೂ ಹುಟ್ಟಿದ ಸ್ಥಾನಕ್ಕೆ ತಕ್ಕಂತೆ ನಡತೆ ಬೇರೆ. ಕೊಡಗಿನ ಓದುಗರಿಗೆ ಇದರ ಇನ್ನೊಂದು ಉದಾಹರಣೆ ಮನೆಯ ಹಿತ್ತಿಲಲ್ಲಿಯೇ ಇದೆ. ಕಾಫಿ ಗಿಡದ ಅಡ್ಡರೆಂಬೆಯನ್ನು ತಂದು ಬೇರು ಬರಿಸಿದರೆ ಅದು ನೆಟ್ಟಗೆ ನಿಲ್ಲದೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ. ಆದುದರಿಂದಲೇ ಕಾಫಿಯಲ್ಲಿ ನೇರಚಿಗುರುಗಳ ತುಂಡುಗಳನ್ನು ಆರಿಸುತ್ತಾರೆ. ಕಾಫಿಯಲ್ಲಿ ತೊಂದರೆಯಾದ ಗುಣವೇ ಮನೆಯಲ್ಲಿ ಮೆಣಸು ಬೆಳೆಸುವವನಿಗೆ ಉಪಕಾರವಾಗಿದೆ. ಇಂಥ ಗಿಡಕ್ಕೆ ಪೊದೆಮೆಣಸೆಂದು ಹೆಸರು. ಸಸಿ ಮಾರುವವರು ಬುಷ್ ಪೆಪ್ಪರ್ ಎನ್ನುತ್ತಾರೆ.

ಪೊದೆಮೆಣಸನ್ನು ಮಾಡಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು. ಅಡ್ಡರೆಂಬೆಗೆ ಅಂಟುಬೇರುಗಳಿಲ್ಲವೆಂದು ಹೇಳಿದೆನಷ್ಟೆ. ಆದುದರಿಂದ ಅದು ಬೇರು ಬಿಡುವುದು ನಿಧಾನ. ಮಳೆಗಾಲದ ಆರಂಭಕ್ಕೆ, ಒಂದು ವರ್ಷ ಬಲಿತ ರೆಂಬೆಯಿಂದ ಮೂರು ನಾಲ್ಕು ಗೆಣ್ಣುಗಳಿರುವ ತುಂಡನ್ನು ಕತ್ತರಿಸಿ, ತುದಿಯ ಒಂದು ಎಲೆಯ ಅರ್ಧವನ್ನು ಮಾತ್ರ ಉಳಿಸಿ, ಮಿಕ್ಕ ಎಲೆಗಳನ್ನು ತೆಗೆದುಹಾಕಬೇಕು. ಬೇರಿಲ್ಲದ ತುಂಡಿಗೆ ಎಲೆಗಳು ಹೆಚ್ಚಾದರೆ ಖರ್ಚು ಹೆಚ್ಚು, ವರಮಾನ ಇಲ್ಲ. ಕೆಳತುದಿಯನ್ನು ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬ ಬೇರುಪ್ರಚೋದಕದಲ್ಲಿ ಅದ್ದಿ, ತೇವವಾದ ಮರಳಿನಲ್ಲಿ ಎರಡು ಗೆಣ್ಣುಗಳು ಮುಳುಗುವಂತೆ ನೆಟ್ಟು, ಮೇಲೊಂದು ಪಾರಕ ಪಾಲಿಥೀನ್ ಚೀಲವನ್ನು ಮುಚ್ಚಿ ನೆರಳಿನಲ್ಲಿಡಬೇಕು. ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಹತ್ತು ತುಂಡುಗಳಲ್ಲಿ ಐದು ಉಳಿದರೆ ಕೆಲಸ ಚೆನ್ನಾಗಿ ನಡೆಯಿತೆಂದು ತಿಳಿಯತಕ್ಕದ್ದು. ಆಮೇಲೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡಕ್ಕೆ ಬದಲಾಯಿಸಬೇಕು. ಕೆಲವೊಮ್ಮೆ ಬುಡದಿಂದ ತೆಳ್ಳನೆಯ ಹಬ್ಬುಬಳ್ಳಿಯೊಂದು ಹೊರಡುವುದುಂಟು. ಅದನ್ನು ಕನಿಕರವಿಲ್ಲದೆ ಚಿವುಟಬೇಕು. ಬಿಟ್ಟರೆ ಪೊದೆಯ ಸಾರವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ.

ಇಷ್ಟಾದರೆ ಸಸ್ಯ ಸಿದ್ಧವಾಯಿತು. ಇನ್ನು ಹವೆಯ ಮಾತು. ಮೆಣಸಿಗಾಗಿ ಲೋಕ ಪಟ್ಟ ಪಾಡನ್ನು ನೆನೆದರೆ ಈ ಹವೆಯ ಪ್ರಶ್ನೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಕ್ರಿ.ಶ. ೪೦೮ರಲ್ಲಿ ಗಾಥರ ದೊರೆ ಅಲಾರಿಕನು ರೋಮ್ ನಗರವನ್ನು ಮುತ್ತಿದಾಗ, ಮುತ್ತಿಗೆ ತೆಗೆಯಲು ಕೇಳಿದ ವಸ್ತುಗಳಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ ೩,೦೦೦ ಪೌಂಡು ಮೆಣಸೂ ಸೇರಿತ್ತು. ೧೪೯೮ರಲ್ಲಿ ವಾಸ್ಕೊ ಡ ಗಾಮನು ಆಫ್ರಿಕವನ್ನು ಬಳಸಿ ಕಲ್ಲಿಕೋಟೆಗೆ ಬಂದುದರ ಹಿಂದೆ ಈ ಕಾಳಿನ ಆಸೆಯಿತ್ತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ತಮ್ಮ ನೆಲದಲ್ಲಿ ಬೆಳೆಯುವಂತಿದ್ದರೆ ಯುರೋಪಿಯನರು ಇಷ್ಟು ದೂರ ಬರುತ್ತಿರಲಿಲ್ಲ. ಬಳ್ಳಿ ಮುಂದೆ ಇಂಡೊನೇಷ್ಯ, ವಿಯೆಟ್ನಾಂ, ಬ್ರೆಜಿಲ್‌ಗಳವರೆಗೂ ಪ್ರಯಾಣ ಮಾಡಿತು. ಇಂದು ಪ್ರಪಂಚದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಆದರೆ ಎಲ್ಲಿಗೆ ಹೋದರೂ ಸಮಭಾಜಕ ವೃತ್ತದ ಇಬ್ಬದಿಗಳಲ್ಲಿ ಸುಮಾರು ೨೦ ಡಿಗ್ರಿ ಅಕ್ಷಾಂಶದ ಪಟ್ಟಿಯನ್ನು ಅದು ಹೆಚ್ಚಾಗಿ ದಾಟಲಿಲ್ಲ.

ಆ ಪಟ್ಟಿಯಲ್ಲಿರುವುದೇನು? ಕೇವಲ ಸೆಕೆಯೆಂದು ಹೇಳಿದರೆ ಸಾಲದು. ಕಲಬುರಗಿಯು ೧೭ ಡಿಗ್ರಿ ಅಕ್ಷಾಂಶದಲ್ಲಿದೆ, ಸೆಕೆಗೆ ಅಲ್ಲಿ ಕೊರತೆಯಿಲ್ಲ. ಆದರೂ ಅದು ಮೆಣಸಿನ ನಾಡಲ್ಲ. ಮೆಣಸು ೧೦ರಿಂದ ೪೦ ಡಿಗ್ರಿ ಸೆಂಟಿಗ್ರೇಡ್‌ವರೆಗಿನ ಉಷ್ಣತೆಯನ್ನು ಹೇಗೋ ತಾಳಿಕೊಳ್ಳುತ್ತದೆ. ಅದು ತಾಳಲಾರದುದು ಒಣಗಾಳಿಯನ್ನು. ಇದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಒಂದು ಘನ ಮೀಟರ್ ಗಾಳಿಯು ೨೫ ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು ೨೩ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಮಲೆನಾಡಿನ ಮಳೆಗಾಲದಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡ ೯೦ ಇದ್ದರೆ ಅದರಲ್ಲಿ ೨೧ ಗ್ರಾಂ ಆಗಲೇ ತುಂಬಿರುತ್ತದೆ; ಕೊರತೆ ಎರಡು ಗ್ರಾಂ ಮಾತ್ರ. ಎಲೆಯಿಂದ ನೀರನ್ನು ಎಳೆದುಕೊಳ್ಳುವ ದಾಹ ಆ ಗಾಳಿಗೆ ಇಲ್ಲವೆಂದೇ ಹೇಳಬಹುದು. ಈಗ ಬಿಸಿಲುನಾಡಿನ ಏಪ್ರಿಲ್ ಮಧ್ಯಾಹ್ನಕ್ಕೆ ಬರೋಣ. ಉಷ್ಣತೆ ೪೦ ಡಿಗ್ರಿ, ಆರ್ದ್ರತೆ ಶೇಕಡ ೨೦ ಎಂದು ಇಟ್ಟುಕೊಳ್ಳಿ. ಆ ಗಾಳಿ ಹಿಡಿಯಬಲ್ಲುದು ೫೧ ಗ್ರಾಂ, ಅದರಲ್ಲಿರುವುದು ೧೦ ಗ್ರಾಂ. ಕೊರತೆ ೪೧ ಗ್ರಾಂ. ಈ ದಾಹವನ್ನು ತಣಿಸುವಷ್ಟು ವೇಗವಾಗಿ ಬೇರು ನೀರನ್ನು ಒದಗಿಸಲಾರದು. ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಮುಚ್ಚಿದರೆ ಇಂಗಾಲದ ಡೈ ಆಕ್ಸೈಡೂ ಒಳಗೆ ಬರುವಂತಿಲ್ಲ. ಗಿಡ ಕುಂಡದ ತುಂಬ ನೀರಿರುವಾಗಲೇ ಉಪವಾಸ ಬೀಳುತ್ತದೆ, ಎಲೆಯ ಅಂಚು ಸುಟ್ಟು ಕಂದಾಗುತ್ತದೆ.

ಹೊರದೇಶಗಳಲ್ಲಿ ನೆಲೆಸಿರುವ ನಮ್ಮವರು ಲಂಡನ್ನಿನಂಥ ಊರಿನ ಕಿಟಕಿಯಲ್ಲಿ ಕರಿಬೇವು, ಮೆಣಸುಗಳನ್ನು ಸಾಕಲು ಹೆಣಗುವುದುಂಟು. ಹೊರಗೆ ಮಂಜು ಕವಿದಿದೆ, ಆದುದರಿಂದ ತೇವಕ್ಕೆ ತೊಂದರೆಯಿಲ್ಲವೆಂದು ಅವರು ಎಣಿಸಿದರೆ ಮೋಸಹೋಗುವರು. ಸೊನ್ನೆ ಡಿಗ್ರಿಯ ಗಾಳಿ ತೇವದಿಂದ ತುಂಬಿ ತುಳುಕಿದರೂ ಅದರಲ್ಲಿರುವ ನೀರಾವಿ ಘನ ಮೀಟರಿಗೆ ಐದು ಗ್ರಾಮಿಗಿಂತ ಕಡಿಮೆ. ಅದೇ ಗಾಳಿ ಮನೆಯೊಳಗೆ ಬಂದು ೨೦ ಡಿಗ್ರಿಗೆ ಕಾದಾಗ, ೧೭ ಗ್ರಾಂ ಹಿಡಿಯಬಲ್ಲ ಗಾಳಿಯಾಗುತ್ತದೆ. ಇರುವ ನೀರಾವಿ ಮಾತ್ರ ಅಷ್ಟೇ; ಆರ್ದ್ರತೆ ಶೇಕಡ ೨೮ರ ಸುಮಾರಿಗೆ ಇಳಿಯುತ್ತದೆ. ಇದರ ದಾಹ ಕಲಬುರಗಿಯ ಮಧ್ಯಾಹ್ನದಷ್ಟಿಲ್ಲ, ಆದರೆ ಮಲೆನಾಡಿನ ಮಳೆಗಾಲದ ಗಾಳಿಗಿಂತ ಐದಾರು ಪಾಲು ಹೆಚ್ಚು. ಅಲ್ಲಿ ಇನ್ನೊಂದು ಕಷ್ಟವೂ ಇದೆ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗಳಿಗಿಂತ ಕಡಿಮೆ. ನಡುಹಗಲಲ್ಲಿಯೂ ಸೂರ್ಯ ದಿಗಂತದಿಂದ ೧೫ ಡಿಗ್ರಿಗಳಷ್ಟೇ ಮೇಲಿರುತ್ತಾನೆ. ಮೆಣಸು ನೆರಳಿನ ಗಿಡವೆಂಬುದು ನಿಜ. ಆದರೆ ಮರದ ಕೆಳಗಿನ ಜರಡಿ ಬೆಳಕು ಬೇರೆ, ಚಳಿಗಾಲದ ಕೋಣೆಯ ಕತ್ತಲೆ ಬೇರೆ. ದಿನಕ್ಕೆ ಹನ್ನೆರಡು ಗಂಟೆ ಎಲ್‌ಇಡಿ ದೀಪದ ಬೆಳಕನ್ನು ಕೊಡದಿದ್ದರೆ ಗಿಡ ಬದುಕಿದರೂ ಹೂ ಬಿಡುವುದು ಕಷ್ಟ.

ಪರಿಹಾರವೂ ಊರಿಗೆ ತಕ್ಕಂತೆ ಬೇರೆಯಾಗುತ್ತದೆ. ಬಿಸಿಲುನಾಡಿನಲ್ಲಿ ಮಣ್ಣಿನ ಕುಂಡವೇ ಮೇಲು. ಕುಡಿಯುವ ನೀರಿನ ಹೂಜಿ ಹೇಗೆ ತಂಪಾಗುವುದೋ ಹಾಗೆಯೇ, ಕುಂಡದ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾಗಿ ಬೇರಿನ ಸುತ್ತಣ ಮಣ್ಣು ತಣ್ಣಗಿರುತ್ತದೆ. ಅದನ್ನು ಮನೆಯ ಪೂರ್ವ ಇಲ್ಲವೆ ಉತ್ತರದ ಗೋಡೆಯ ಮರೆಯಲ್ಲಿ, ಬೇರೆ ಗಿಡಗಳ ಗುಂಪಿನ ನಡುವೆ ಇರಿಸಿ, ಗಾಳಿ ಬರುವ ಕಡೆಗೆ ಒದ್ದೆ ಗೋಣಿತಟ್ಟನ್ನು ತೂಗುಹಾಕಬೇಕು. ಶೀತದೇಶದಲ್ಲಿ ಇದೇ ಮಣ್ಣಿನ ಕುಂಡ ಶತ್ರು. ಬೇರನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಅಲ್ಲಿ ಪ್ಲಾಸ್ಟಿಕ್ ಕುಂಡವನ್ನು ಬಳಸಿ, ಗಿಡವನ್ನು ಗಾಜಿನ ಪೆಟ್ಟಿಗೆಯಲ್ಲಿಯೋ ಬಿಸಿನೀರಿನ ಆವಿಯಾಡುವ ಸ್ನಾನದ ಮನೆಯ ಬೆಳಕಿನ ಕಿಟಕಿಯಲ್ಲಿಯೋ ಇಡುವುದು ಲೇಸು. ಬೆಂಗಳೂರು, ಧಾರವಾಡ, ಮೈಸೂರುಗಳ ಹವೆ ಈ ಎರಡರ ನಡುವಿನದು. ಇಲ್ಲಿ ಹವೆಗಿಂತ ನೀರೇ ಹೆಚ್ಚು ತೊಡಕನ್ನುಂಟುಮಾಡುವುದುಂಟು. ಮೆಣಸು ತುಸು ಆಮ್ಲೀಯವಾದ ಮಣ್ಣನ್ನು ಬಯಸುತ್ತದೆ. ಕೊಳವೆಬಾವಿಯ ಗಡಸು ನೀರನ್ನು ತಿಂಗಳುಗಟ್ಟಲೆ ಹಾಕಿದರೆ ಕುಂಡದ ಮಣ್ಣು ಕ್ಷಾರೀಯವಾಗಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಣ ಭಾಗ ಹಳದಿಯಾದರೆ ಇದೇ ಕಾರಣವೆಂದು ಊಹಿಸಬಹುದು. ಮಳೆನೀರನ್ನು ಹಿಡಿದಿಟ್ಟು ಹಾಕುವುದು ಸುಲಭವಾದ ಉಪಾಯ.

ಮಳೆಗೂ ಮೆಣಸಿಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ತೋಟದಲ್ಲಿ ಬಳ್ಳಿಯು ಬೇಸಗೆಯಲ್ಲಿ ವಿರಮಿಸಿ, ಮೇ ಜೂನ್ ತಿಂಗಳ ಮೊದಲ ಮಳೆಗಳಿಗೆ ಚಿಗುರುತ್ತದೆ. ಹೊಸ ಎಲೆಯ ಜೊತೆಗೇ ಹೂತೆನೆಯೂ ಇಳಿಯುತ್ತದೆ. ಇಪ್ಪತ್ತು ದಿನಗಳಲ್ಲಿ ೭೦ ಮಿಲಿಮೀಟರ್ ಮಳೆಯಾದರೆ ಈ ಕ್ರಿಯೆ ಮೊದಲಾಗಲು ಸಾಕು. ಆದರೆ ಅಲ್ಲಿಂದ ಮುಂದೆ ಕೆಲವೇ ದಿನ ಮಳೆ ಕೈಕೊಟ್ಟರೂ ಫಸಲು ಕಡಿಮೆಯಾಗುತ್ತದೆ. ಬೆರಳುದ್ದದ ಆ ತೆನೆಯ ಮೇಲೆ ದಳಗಳೇ ಇಲ್ಲದ ಸಣ್ಣ ಹೂಗಳು ಸುರುಳಿಯಾಗಿ ಕೂತಿರುತ್ತವೆ. ಕಾಡಿನ ಮೆಣಸಿನಲ್ಲಿ ಗಂಡುಬಳ್ಳಿ ಹೆಣ್ಣುಬಳ್ಳಿಗಳು ಹೆಚ್ಚಾಗಿ ಬೇರೆ ಬೇರೆ. ಸಾಗುವಳಿಯ ತಳಿಗಳಲ್ಲಿಯಾದರೋ ಬಹುತೇಕ ಹೂಗಳು ದ್ವಿಲಿಂಗಿಗಳು. ಒಂಟಿ ಗಿಡವನ್ನು ಸಾಕುವವನಿಗೆ ಇದು ದೊಡ್ಡ ಅನುಕೂಲ. ಆದರೂ ಒಂದು ಹೂವಿನಲ್ಲಿ ಶಲಾಕಾಗ್ರವು ಪರಾಗಕೋಶಗಳಿಗಿಂತ ಕೆಲವು ದಿನ ಮೊದಲೇ ಸಿದ್ಧವಾಗುವುದರಿಂದ, ಪರಾಗವು ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗಬೇಕಾಗುತ್ತದೆ. ತೆನೆಯ ಹೂಗಳು ಬುಡದಿಂದ, ಎಂದರೆ ಮೇಲಿನಿಂದ, ಕ್ರಮವಾಗಿ ಅರಳುತ್ತವೆ. ತೆನೆ ಕೆಳಮುಖವಾಗಿ ತೂಗುತ್ತದೆ. ಮೇಲೆ ಬಿದ್ದ ಮಳೆಹನಿ, ಇಬ್ಬನಿಗಳು ಅಂಟಂಟಾದ ಪರಾಗವನ್ನು ತೊಳೆದು ಕೆಳಗಿನ ಹೂಗಳ ಮೇಲೆ ಹರಡಲು ನೆರವಾಗುತ್ತವೆ.

ಕಿಟಕಿಯ ಒಳಗಣ ಗಿಡಕ್ಕೆ ಈ ಮಳೆ ಎಲ್ಲಿಂದ ಬರಬೇಕು? ನಾವೇ ಮಳೆಯಾಗಬೇಕು. ತೆನೆಯ ಮೇಲೆ ಬಿಳಿಯ ಚುಕ್ಕೆಗಳು ಕಾಣಿಸಿದ ದಿನಗಳಲ್ಲಿ ಬೆಳಗ್ಗೆ ಸಂಜೆ ಸಣ್ಣ ತುಂತುರು ಬೀಳುವಂತೆ ನೀರು ಚಿಮುಕಿಸಿ, ಮೃದುವಾದ ಚಿತ್ರದ ಕುಂಚದಿಂದ ತೆನೆಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಬೇಕು. ಹೀಗೆ ಮಾಡದಿದ್ದರೆ ಹತ್ತಾರು ಹೂಗಳಲ್ಲಿ ಎರಡು ಮೂರು ಮಾತ್ರ ಕಾಯಿ ಕಟ್ಟಿ, ತೆನೆ ಹಲ್ಲುದುರಿದ ಬಾಚಣಿಗೆಯಂತೆ ಕಾಣುತ್ತದೆ. ವರ್ಷವಿಡೀ ನೀರು ಕಾಣುವ ಪೊದೆಮೆಣಸು ಮೇ ತಿಂಗಳಿಗಾಗಿ ಕಾಯದೆ ಆಗಾಗ ತೆನೆ ಬಿಡುತ್ತಿರುತ್ತದೆ. ಆದುದರಿಂದ ಇದನ್ನು ನಾಲ್ಕಾರು ಸಲ ಪರೀಕ್ಷಿಸಿ ನೋಡುವ ಅವಕಾಶವುಂಟು. ಕಾಲೇಜಿನ ವಿದ್ಯಾರ್ಥಿಗಳು ಒಂದೇ ಗಿಡದ ಕೆಲವು ತೆನೆಗಳಿಗೆ ತುಂತುರು ಹಾಕಿ, ಕೆಲವನ್ನು ಹಾಗೆಯೇ ಬಿಟ್ಟು, ಕಟ್ಟಿದ ಕಾಳುಗಳನ್ನು ಎಣಿಸಿ ಹೋಲಿಸಬಹುದು. ಇದಕ್ಕೆ ಪ್ರಯೋಗಶಾಲೆಯ ಅಗತ್ಯವಿಲ್ಲ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗಾಳಿಯಲ್ಲಿ ತೇವವಿರಬೇಕೆಂದ ಮಾತ್ರಕ್ಕೆ ಬುಡದಲ್ಲಿ ನೀರು ನಿಲ್ಲಬಾರದು. ನೀರು ಸಾಲದ ಗಿಡವೂ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಬಾಡುತ್ತದೆ. ನೋಡಲು ಎರಡೂ ಒಂದೇ. ಎರಡನೆಯದನ್ನು ಮೊದಲನೆಯದೆಂದು ಭ್ರಮಿಸಿ ಇನ್ನಷ್ಟು ನೀರೆರೆದವರ ಸಂಖ್ಯೆ ಸಣ್ಣದಲ್ಲ. ಮಣ್ಣಿನಲ್ಲಿ ಎರಡು ಅಂಗುಲ ಬೆರಳಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕುವುದು ಒಳ್ಳೆಯದು. ಮಲೆನಾಡಿನ ತೋಟಗಳನ್ನು ಕಾಡುವ ಸೊರಗು ರೋಗದ ಮೂಲವೂ ಈ ಜೌಗೇ. ಅದನ್ನುಂಟುಮಾಡುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯನ್ನು ಹಿಂದೆ ಶಿಲೀಂಧ್ರವೆಂದೇ ಎಣಿಸಿದ್ದರು. ಅದು ಕಂದು ಪಾಚಿಗಳ ಕಡೆಯ ಬಂಧುವೆಂದು ಈಗ ತಿಳಿದಿದೆ. ಅದರ ಬೀಜಕಣಗಳಿಗೆ ಬಾಲವಿದ್ದು, ನಿಂತ ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ಮಳೆಗಾಲದಲ್ಲಿ ಹಸಿರಾಗಿ ನಳನಳಿಸುತ್ತಿದ್ದ ಬಳ್ಳಿ ಕೆಲವು ವಾರಗಳಲ್ಲಿ ಎಲೆಯುದುರಿಸಿ ಸತ್ತುಹೋಗುವುದನ್ನು ಕಂಡ ಬೆಳೆಗಾರನಿಗೆ ಇದರ ಹೆಸರನ್ನು ಹೇಳಿಕೊಡಬೇಕಾಗಿಲ್ಲ. ಅಮೆರಿಕದ ಉಷ್ಣವಲಯದ ಜೌಗುನೆಲದಲ್ಲಿ ಬೆಳೆಯುವ ಕೊಲುಬ್ರೈನಮ್ ಎಂಬ ಮೆಣಸಿನ ಜಾತಿಗೆ ಈ ರೋಗ ತಗಲುವುದಿಲ್ಲ. ಅದರ ಬೇರುಕಾಂಡದ ಮೇಲೆ ನಮ್ಮ ಮೆಣಸನ್ನು ಕಸಿಮಾಡಿದ ಸಸಿಗಳು ಸಸ್ಯಪಾಲನಾ ಕೇಂದ್ರಗಳಲ್ಲಿ ದೊರೆಯುತ್ತವೆ. ನೀರೆರೆಯುವ ಕೈ ಸ್ವಲ್ಪ ಧಾರಾಳವಾದ ಮನೆಗಳಿಗೆ ಇಂಥ ಸಸಿಯೇ ತಕ್ಕುದು.

ಹೂವಿನಿಂದ ಹಣ್ಣಿಗೆ ಆರರಿಂದ ಎಂಟು ತಿಂಗಳು. ತೆನೆಯಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಇಡೀ ತೆನೆಯನ್ನು ಕೊಯ್ಯಬೇಕು. ಕಾಳುಗಳನ್ನು ಬಿಡಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಬಿಸಿಲಿಗೆ ಹರಡಿದರೆ, ಹಸಿರು ಸಿಪ್ಪೆ ನೋಡನೋಡುತ್ತಿದ್ದಂತೆ ಕಂದಾಗಿ, ಕಪ್ಪಾಗಿ, ಸುಕ್ಕುಗಟ್ಟುತ್ತದೆ. ಹೆಚ್ಚಿದ ಸೇಬು ಕಂದಾಗುವಂತೆಯೇ ಇದೂ ಸಿಪ್ಪೆಯಲ್ಲಿರುವ ಕಿಣ್ವದ ಕೆಲಸ. ಒಣಗಿದ ಮೇಲೆ ತೂಕ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಳಿಮೆಣಸು ಬೇರೆ ಜಾತಿಯದಲ್ಲ. ಹಣ್ಣಾದ ಕಾಳನ್ನು ಒಂದು ವಾರ ಹತ್ತು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಾಯಿಸಿ, ಸಿಪ್ಪೆಯನ್ನು ಉಜ್ಜಿ ತೆಗೆದು ಒಣಗಿಸಿದರೆ ಅದೇ ಬಿಳಿಮೆಣಸಾಗುತ್ತದೆ. ೧೮೧೯ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್‌ಸ್ಟೆಡ್‌ನು ಕರಿಮೆಣಸಿನಿಂದ ಬೇರ್ಪಡಿಸಿದ ಪಿಪರೀನ್ ಎಂಬ ಖಾರದ ವಸ್ತು ಸಿಪ್ಪೆ ಹೋದ ಕಾಳಿನಲ್ಲಿಯೂ ಉಳಿದಿರುತ್ತದೆ. ಸುವಾಸನೆಯ ಎಣ್ಣೆಯ ಹೆಚ್ಚಿನ ಭಾಗ ಮಾತ್ರ ಸಿಪ್ಪೆಯೊಡನೆ ಹೋಗುತ್ತದೆ. ಕುಂಡದ ಮೊದಲ ವರ್ಷದ ಫಸಲು ಒಣಗಿಸುವಷ್ಟಿಲ್ಲದಿದ್ದರೆ, ಎಳೆಯ ಹಸಿರು ತೆನೆಗಳನ್ನೇ ಉಪ್ಪು, ನಿಂಬೆರಸಗಳಲ್ಲಿ ಹಾಕಿಟ್ಟು, ಎರಡು ವಾರ ಬಿಟ್ಟು ಮೊಸರನ್ನದ ಜೊತೆಗೆ ಬಡಿಸಬಹುದು.